ಮೈಕ್ ಕೆಟ್ಟಿಲ್ಲ, ದೂರ ಇದೆ

ಪ್ರಶ್ನೆ: ನಾನು ನಿವೃತ್ತ ಶಾಲಾ ಮೇಷ್ಟ್ರು. ಸಾಗರದ ಹತ್ತಿರ ಹಳ್ಳಿಯಲ್ಲಿ ಇದ್ದೇನೆ. ಹಲವು ವರ್ಷಗಳಿಂದ ಗಮಕ ವಾಚನ ಮಾಡುತ್ತಿದ್ದೇನೆ. ದೂರದಲ್ಲಿರುವ ಮೊಮ್ಮಕ್ಕಳಿಗಾಗಿ ವಾಚನ ಮತ್ತು ಒಂದಿಷ್ಟು ಕಥೆಗಳನ್ನು ರೆಕಾರ್ಡ್ ಮಾಡಿಡೋಣ ಅಂತ ಯುಎಸ್‌ಬಿ ಕಂಡೆನ್ಸರ್ ಮೈಕ್ ತರಿಸಿದೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿಕೊಂಡಿದ್ದೇನೆ. ಆದರೆ ದನಿ ಸಣ್ಣಗೆ, ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಹೆಡ್‌ಫೋನ್ ಹಾಕಿಕೊಂಡು ಓದಿದರೆ ನನ್ನ ಮಾತೇ ನನಗೆ ತಡವಾಗಿ ಕೇಳಿಸಿ ನಾಲಿಗೆ ತೊಡರುತ್ತದೆ. ಚಾರ್ಜರ್ ಸಿಕ್ಕಿಸಿದರೆ ಗುಂಯ್ ಎಂಬ ಸದ್ದು. ಆಲಾಪನೆಯಲ್ಲಿ ಸ್ವರ ಹಿಡಿದು ನಿಂತರೆ ನಡುನಡುವೆ ಅದು ಮಾಯವಾಗುತ್ತದೆ. ಇನ್ನೂ ದುಬಾರಿ ಮೈಕ್ ತೆಗೆದುಕೊಳ್ಳಬೇಕೇ?

ಉತ್ತರ: ಬೇಡ ಮೇಷ್ಟ್ರೇ. ನೀವು ಹೇಳಿದ ನಾಲ್ಕು ತೊಂದರೆಗಳಲ್ಲಿ ಒಂದೂ ಮೈಕಿನ ದೋಷದ ಹಾಗೆ ಕಾಣುವುದಿಲ್ಲ. ಮೊದಲನೆಯದು ದೂರದ್ದು. ಎರಡನೆಯದು ಹೆಡ್‌ಫೋನ್ ಎಲ್ಲಿ ಸಿಕ್ಕಿಸಿದ್ದೀರಿ ಅನ್ನುವುದರದ್ದು. ಮೂರನೆಯದು ಕರೆಂಟಿನದು, ನಾಲ್ಕನೆಯದು ವಿಂಡೋಸ್‌ನದು. ನಾಲ್ಕಕ್ಕೂ ಮನೆಯಲ್ಲೇ ಮದ್ದಿದೆ.

ಶುರು ಮಾಡುವ ಮುಂಚೆ ಒಂದು ಅನುಮಾನ ತೀರಿಸಿಕೊಳ್ಳೋಣ. ರೆಕಾರ್ಡ್ ಆಗುತ್ತಿರುವುದು ನಿಮ್ಮ ಹೊಸ ಮೈಕಿನಿಂದಲೇನಾ? ಲ್ಯಾಪ್‌ಟಾಪಿನ ಒಳಗೂ ಒಂದು ಪುಟ್ಟ ಮೈಕ್ ಇರುತ್ತದೆ. ಹೊಸ ಮೈಕ್ ಸಿಕ್ಕಿಸಿದರೂ ಆಡಾಸಿಟಿ ಹಳೆಯದನ್ನೇ ಹಿಡಿದುಕೊಂಡು ಕೂತಿರುವುದು ತುಂಬಾ ಸಾಮಾನ್ಯ. ನನ್ನ ಅಜ್ಜಿಯ ಹಸೆ ಹಾಡುಗಳನ್ನು ಒಂದು ಮಧ್ಯಾಹ್ನ ಎರಡು ಗಂಟೆ ಕೂತು ರೆಕಾರ್ಡ್ ಮಾಡಿದ್ದೆ. ಮೈಕಿನ ದೀಪ ಹತ್ತಿತ್ತು. ಪರದೆಯ ಮೇಲೆ ಗೆರೆ ಕುಣಿಯುತ್ತಿತ್ತು. ರಾತ್ರಿ ಕೂತು ಕೇಳಿದರೆ ಮುಂದೆಲ್ಲ ಲ್ಯಾಪ್‌ಟಾಪಿನ ಫ್ಯಾನಿನ ಸದ್ದು, ಹಿಂದೆಲ್ಲೋ ಅಜ್ಜಿ. ಮುಂದಿನ ಮಳೆಗಾಲದ ಹೊತ್ತಿಗೆ ಅವರಿಗೆ ಹಾಡುವಷ್ಟು ಉಸಿರು ಇರಲಿಲ್ಲ. ಆ ಎರಡು ಗಂಟೆಯ ಫೈಲನ್ನು ಇವತ್ತಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ, ಇರುವುದು ಅದೊಂದೇ.

ಅವತ್ತಿನಿಂದ ಪ್ರತಿ ಸಲ ಉಗುರಿನ ಪರೀಕ್ಷೆ ಮಾಡುತ್ತೇನೆ. ರೆಕಾರ್ಡ್ ಒತ್ತಿ, ಮೈಕಿನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಆಮೇಲೆ ಲ್ಯಾಪ್‌ಟಾಪಿನ ಕೀಲಿಮಣೆಯ ಪಕ್ಕ ಕೆರೆಯಿರಿ. ಯಾವುದನ್ನು ಕೆರೆದಾಗ ಪರದೆಯ ಗೆರೆ ಜೋರಾಗಿ ಜಿಗಿಯಿತೋ, ಕೇಳಿಸಿಕೊಳ್ಳುತ್ತಿರುವುದು ಅದೇ. ಐದು ಸೆಕೆಂಡಿನ ಕೆಲಸ. ದೀಪ ಹತ್ತಿದೆ ಅನ್ನುವುದನ್ನು ನಂಬಬೇಡಿ. ಮೈಕಿಗೆ ಕರೆಂಟು ಹೋಗುತ್ತಿದೆ ಅಂತಷ್ಟೇ ದೀಪ ಹೇಳುತ್ತದೆ.

ಗೆರೆ ಜಿಗಿಯಲಿಲ್ಲ ಅಂದರೆ ಮೊದಲು ಕೇಬಲ್ ನೋಡಿ. ಫೋನ್ ಚಾರ್ಜ್ ಮಾಡುವ ಕೆಲವು ಕೇಬಲ್‌ಗಳಲ್ಲಿ ಕರೆಂಟಿನ ತಂತಿ ಮಾತ್ರ ಇರುತ್ತದೆ, ಮಾಹಿತಿ ಸಾಗಿಸುವ ತಂತಿ ಇರುವುದಿಲ್ಲ. ಮೈಕಿನ ದೀಪ ಹತ್ತುತ್ತದೆ, ಕಂಪ್ಯೂಟರಿಗೆ ಮಾತ್ರ ಮೈಕ್ ಬಂದದ್ದೇ ಗೊತ್ತಾಗುವುದಿಲ್ಲ. ಡಬ್ಬಿಯ ಜೊತೆ ಬಂದ ಕೇಬಲ್ಲನ್ನೇ ಬಳಸಿ. ಲ್ಯಾಪ್‌ಟಾಪಿಗೆ ನೇರ ಸಿಕ್ಕಿಸಿ, ನಡುವೆ ಹಲವು ತೂತಿನ ಯುಎಸ್‌ಬಿ ಹಬ್ ಬೇಡ. ಸಾಮಾನ್ಯ ಯುಎಸ್‌ಬಿ ಮೈಕಿಗೆ ಡ್ರೈವರ್ ಎಂಬ ಬೇರೆ ಸಾಫ್ಟ್‌ವೇರ್ ಕೂಡ ಬೇಕಾಗುವುದಿಲ್ಲ. ಮೈಕಿನ ಹೊಟ್ಟೆಯೊಳಗೇ ದನಿಯನ್ನು ದೊಡ್ಡದು ಮಾಡುವ ಭಾಗವೂ ಇದೆ, ಅದನ್ನು ಅಂಕಿಗಳಾಗಿ ಬದಲಾಯಿಸುವ ಭಾಗವೂ ಇದೆ. ಆ ಅಂಕಿಗಳನ್ನು ಓದುವುದು ಹೇಗೆ ಅಂತ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಗೊತ್ತು.

ಇನ್ನೊಂದು ಕ್ರಮ ರೂಢಿ ಮಾಡಿಕೊಳ್ಳಿ. ಮೊದಲು ಮೈಕ್ ಸಿಕ್ಕಿಸಿ, ಆಮೇಲೆ ಆಡಾಸಿಟಿ ತೆರೆಯಿರಿ. ತೆರೆಯುವಾಗ ಏನೇನು ಸಿಕ್ಕಿಸಿದೆಯೋ ಅದನ್ನಷ್ಟೇ ಅದು ಪಟ್ಟಿ ಮಾಡಿಕೊಳ್ಳುತ್ತದೆ. ಮರೆತು ಮೊದಲೇ ತೆರೆದಿದ್ದರೆ, ಮೇಲಿನ ಆಡಿಯೊ ಸೆಟಪ್ ಬಟನ್ ಒತ್ತಿ ರೀಸ್ಕ್ಯಾನ್ ಮಾಡಿ. ಅಲ್ಲೇ ರೆಕಾರ್ಡಿಂಗ್ ಡಿವೈಸ್ ಎಂಬ ಜಾಗದಲ್ಲಿ ನಿಮ್ಮ ಮೈಕಿನ ಹೆಸರು ಆರಿಸಿ. ರೆಕಾರ್ಡಿಂಗ್ ಚಾನೆಲ್ಸ್ ಎಂಬಲ್ಲಿ 1, ಅಂದರೆ ಮೊನೊ. ಒಂದು ಬಾಯಿ, ಒಂದು ಮೈಕ್, ಸ್ಟೀರಿಯೊ ಇಟ್ಟರೆ ಸುಮ್ನೆ ಫೈಲ್ ಎರಡರಷ್ಟು ದಪ್ಪ ಆಗುತ್ತದೆ ಅಷ್ಟೇ. ಮೈಕ್ ಪಟ್ಟಿಯಲ್ಲಿದ್ದೂ ದನಿಯೇ ಬರುತ್ತಿಲ್ಲ ಅಂದರೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ವಿಭಾಗದ ಮೈಕ್ರೊಫೋನ್ ಪುಟ ತೆಗೆಯಿರಿ. ಅದರ ಕೆಳಗಡೆ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಅನುಮತಿ ಕೊಡುವ ಗುಂಡಿ ಇದೆ. ಅದು ಆನ್ ಇರಬೇಕು.

ಈಗ ಬಾವಿಯ ವಿಷಯ.

ನಿಮ್ಮ ಮೈಕ್ ಎಲ್ಲಿದೆ? ಮೇಜಿನ ಮೇಲೆ, ಲ್ಯಾಪ್‌ಟಾಪಿನ ಆಚೆ, ಪುಟ್ಟ ಸ್ಟ್ಯಾಂಡಿನಲ್ಲಿ ಇರಬಹುದು. ಅಲ್ಲಿಂದ ನಿಮ್ಮ ಬಾಯಿಗೆ ಎರಡು ಮೊಳವಾದರೂ ಇದ್ದೀತು. ಅಷ್ಟು ದೂರದಲ್ಲಿ ಮೈಕಿಗೆ ನಿಮ್ಮ ದನಿ ಎರಡು ದಾರಿಯಿಂದ ಬರುತ್ತದೆ. ಒಂದು ಬಾಯಿಂದ ನೇರ. ಇನ್ನೊಂದು ಗೋಡೆ, ನೆಲ, ಸೂರಿಗೆಲ್ಲ ಬಡಿದು ಸುತ್ತಿಕೊಂಡು. ಆ ಸುತ್ತಿ ಬರುವ ದನಿಯೇ ನಿಮಗೆ ಬಾವಿಯ ಹಾಗೆ ಕೇಳಿಸುವುದು.

ನೇರ ಬರುವ ದನಿಗೆ ಒಂದು ಲೆಕ್ಕ ಇದೆ. ದೂರ ಎರಡರಷ್ಟಾದರೆ ದನಿ 6 ಡೆಸಿಬೆಲ್ ಇಳಿಯುತ್ತದೆ, ಅಂದರೆ ಪರದೆಯ ಮೇಲೆ ಗೆರೆಯ ಎತ್ತರ ಅರ್ಧ. ನಮ್ಮ ಹಿರಿಯರ ಅಳತೆಯಲ್ಲಿ ಎರಡು ಗೇಣು ಒಂದು ಮೊಳ, ಅಲ್ವಾ? ಹಾಗಾಗಿ ಲೆಕ್ಕ ಸುಲಭ. ಒಂದು ಗೇಣು ದೂರದಲ್ಲಿ ಓದಿದ್ದನ್ನು ಒಂದು ಮೊಳದಿಂದ ಓದಿದರೆ ಗೆರೆ ಅರ್ಧ. ಎರಡು ಮೊಳಕ್ಕೆ ಹೋದರೆ ಅದರರ್ಧ, ಅಂದರೆ ಮೊದಲಿನ ಕಾಲು ಭಾಗ. ಆದರೆ ಗೋಡೆಗೆ ಬಡಿದು ಬರುವ ದನಿ ಕೋಣೆಯ ತುಂಬ ಹೆಚ್ಚು ಕಮ್ಮಿ ಒಂದೇ ಸಮ ಇರುತ್ತದೆ. ನೀವು ದೂರ ಹೋದಷ್ಟೂ ನಿಮ್ಮ ದನಿ ಕಮ್ಮಿಯಾಗುತ್ತದೆ, ಕೋಣೆಯ ದನಿ ಅಷ್ಟೇ ಉಳಿಯುತ್ತದೆ. ದನಿ ಸಣ್ಣಗಿದೆ ಅಂತ ನೀವು ಮೈಕಿನ ಗುಬುಟು ಪೂರ್ತಿ ತಿರುಗಿಸಿದಿರಿ ಅಂದುಕೊಳ್ಳಿ. ಆಗ ಎರಡೂ ಒಟ್ಟಿಗೆ ಮೇಲೇಳುತ್ತವೆ, ಜೊತೆಗೆ ಫ್ಯಾನು, ಫ್ರಿಜ್ಜು, ಹೊರಗಿನ ಜೀರುಂಡೆ. ಗುಬುಟು ತಿರುಗಿಸಿ ಬಾವಿಯಿಂದ ಮೇಲೆ ಬರಲು ಆಗುವುದಿಲ್ಲ. ಹತ್ತಿರ ಬರುವುದೊಂದೇ ದಾರಿ.

ಎಷ್ಟು ಹತ್ತಿರ? ಕಥೆ ಓದುವಾಗ ಒಂದು ಚೋಟು. ಹೆಬ್ಬೆರಳು ತೋರುಬೆರಳು ಅಗಲಿಸಿ ಹಿಡಿದರೆ ಬರುವಷ್ಟು, ಸುಮಾರು 6 ಅಂಗುಲ. ಗಮಕಕ್ಕೆ ಒಂದು ಗೇಣು, ಯಾಕೆಂದರೆ ಅಲ್ಲಿ ನಿಮ್ಮ ದನಿ ತೆರೆದುಕೊಳ್ಳುತ್ತದೆ. ಕೈಯನ್ನು ಮೈಕಿಗೂ ತುಟಿಗೂ ನಡುವೆ ಹಿಡಿದು ಅಳೆದು ಕೂತುಬಿಡಿ. ಅದಕ್ಕಿಂತ ಹತ್ತಿರ ಹೋದರೆ ಇನ್ನೊಂದು ತೊಂದರೆ ಶುರುವಾಗುತ್ತದೆ. ಒಂದೇ ದಿಕ್ಕಿನಿಂದ ಕೇಳುವ ಮೈಕ್‌ಗಳಿಗೆ ತೀರಾ ಹತ್ತಿರದ ದನಿಯಲ್ಲಿ ಮಂದ್ರ ಜಾಸ್ತಿ ಕೇಳಿಸುತ್ತದೆ. ದನಿ ಗಡಸಾಗಿ ಉಬ್ಬುತ್ತದೆ. ರೇಡಿಯೊ ನಿರೂಪಕರು ಇದನ್ನು ಬೇಕೆಂದೇ ಬಳಸುತ್ತಾರೆ, ವಾಚನಕ್ಕೆ ಅದು ಹೊಂದುವುದಿಲ್ಲ.

ಎತ್ತರವೂ ಮುಖ್ಯ. ಮೇಜಿನ ಮೇಲಿನ ಪುಟ್ಟ ಸ್ಟ್ಯಾಂಡಿನ ಮೈಕಿಗೆ ನೀವು ಬಗ್ಗಿ ಓದಿದರೆ ಅರ್ಧ ಗಂಟೆಯಲ್ಲಿ ಕತ್ತು ನೋಯುತ್ತದೆ, ಎದೆ ಮುದುಡಿ ಉಸಿರು ಕಮ್ಮಿಯಾಗುತ್ತದೆ. ನಾಲ್ಕು ದಪ್ಪ ಪುಸ್ತಕ ಪೇರಿಸಿ, ಮೇಲೆ ಟವೆಲ್ ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಮೈಕ್ ಇಡಿ. ಮೈಕ್ ಗಲ್ಲದ ಮಟ್ಟಕ್ಕೆ ಬರಲಿ. ಟವೆಲ್ ಯಾಕೆ ಅಂದರೆ ಮೇಜಿಗೆ ಕೈ ತಗುಲಿದ ಸದ್ದು ಸ್ಟ್ಯಾಂಡಿನ ಕಾಲಿನಿಂದ ಹತ್ತಿ ನೇರ ಮೈಕಿಗೆ ಹೋಗುತ್ತದೆ. ತೊಡೆ ತಟ್ಟಿ ತಾಳ ಹಾಕುವ ಅಭ್ಯಾಸ ಇದ್ದರೆ ಮೊಣಕೈಯನ್ನಾದರೂ ಮೇಜಿನಿಂದ ತೆಗೆಯಿರಿ.

ಹತ್ತಿರ ಬಂದರೂ ದನಿ ಮಂಕಾಗಿಯೇ ಇದ್ದರೆ ಮೈಕ್ ಯಾವ ಕಡೆಯಿಂದ ಕೇಳುತ್ತದೆ ಅಂತ ನೋಡಿ. ಸಭೆಯಲ್ಲಿ ಹಿಡಿಯುವ ಮೈಕಿಗೆ ನಾವು ತುದಿಗೆ ಮಾತಾಡುತ್ತೇವೆ. ಅದೇ ರೂಢಿಯಲ್ಲಿ ಮೇಜಿನ ಮೈಕಿನ ನೆತ್ತಿಗೂ ಮಾತಾಡಿಬಿಡುತ್ತೇವೆ. ಆದರೆ ಯುಎಸ್‌ಬಿ ಕಂಡೆನ್ಸರ್‌ಗಳಲ್ಲಿ ಹಲವು ಪಕ್ಕದಿಂದ ಕೇಳುವಂಥವು. ತುಂಬಾ ಜನ ಕೊಳ್ಳುವ ಬ್ಲೂ ಯೇಟಿಯೂ ಹಾಗೆಯೇ, ಅದನ್ನು ನೆಟ್ಟಗೆ ನಿಲ್ಲಿಸಿ ಕಂಪನಿಯ ಹೆಸರಿರುವ ಮಗ್ಗುಲಿಗೆ ಮಾತಾಡಬೇಕು. ನಿಮ್ಮದು ಯಾವ ಬಗೆ ಅಂತ ತಿಳಿಯಲು ಒಂದೇ ಸಾಲನ್ನು ಒಂದೇ ದೂರದಿಂದ ಮೂರು ಸಲ ರೆಕಾರ್ಡ್ ಮಾಡಿ. ನೆತ್ತಿಗೊಮ್ಮೆ, ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ. ಯಾವುದು ತಿಳಿಯಾಗಿದೆಯೋ ಅದೇ ಮುಖ, ಅಲ್ಲಿ ಒಂದು ಬಣ್ಣದ ಚುಕ್ಕೆ ಅಂಟಿಸಿಬಿಡಿ. ಮೈಕಿನಲ್ಲಿ ದಿಕ್ಕು ಬದಲಾಯಿಸುವ ಗುಬುಟು ಇದ್ದರೆ ಅದು ಹೃದಯದ ಆಕಾರದ ಗುರುತಿನ ಮೇಲೆ ಇರಲಿ. ಅದಕ್ಕೆ ಕಾರ್ಡಿಯಾಯ್ಡ್ ಅನ್ನುತ್ತಾರೆ. ಮುಂದಿನದನ್ನು ಚೆನ್ನಾಗಿ ಕೇಳುತ್ತದೆ, ಬೆನ್ನ ಹಿಂದಿನದನ್ನು ತೀರಾ ಕಮ್ಮಿ. ವೃತ್ತದ ಗುರುತಿನ ಮೇಲಿದ್ದರೆ ಸುತ್ತಲಿನದೆಲ್ಲ ಕೇಳುತ್ತದೆ, ಬಾವಿಗೆ ಮತ್ತೆ ಬಿದ್ದ ಹಾಗೆ.

ಕೋಣೆಗೆ ಬರೋಣ. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಚಪ್ಪಾಳೆಯ ಹಿಂದೆ ಝಣ್ ಎಂಬ ಬಾಲ ಕೇಳಿದರೆ ಆ ಕೋಣೆ ಬೇಡ. ಕೆಂಪು ಗಾರೆ ನೆಲ, ಬೋಳು ಗೋಡೆ, ಗಾಜಿನ ಬೀರು ಇರುವ ಹಜಾರಗಳೆಲ್ಲ ಹೀಗೆಯೇ. ಹಾಸಿಗೆ ಇರುವ ಕೋಣೆ, ಬಟ್ಟೆ ತುಂಬಿದ ಬೀರುವಿನ ಕೋಣೆ ಎಷ್ಟೋ ಪಾಲು ಮೇಲು. ನಿಮ್ಮ ಬೆನ್ನ ಹಿಂದಿನ ಗೋಡೆಗೆ ದಪ್ಪ ಕಂಬಳಿ ನೇತುಹಾಕಿ. ಯಾಕೆ ಬೆನ್ನ ಹಿಂದೆ? ಮೈಕ್ ನಿಮ್ಮ ಮುಖ ನೋಡುತ್ತಿರುತ್ತದೆ, ಹಾಗಾಗಿ ಆ ಗೋಡೆಯನ್ನೂ ನೋಡುತ್ತಿರುತ್ತದೆ. ನೆಲಕ್ಕೆ ಜಮಖಾನ, ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ. ಮೊಟ್ಟೆಯ ಟ್ರೇ ಅಂಟಿಸುವ ಸಲಹೆ ಯಾರಾದರೂ ಕೊಟ್ಟರೆ ಬಿಟ್ಟುಬಿಡಿ. ತೆಳು ರಟ್ಟು ಮಾತಿನ ಅನುರಣನವನ್ನು ಅಷ್ಟೇನೂ ಹೀರುವುದಿಲ್ಲ. ಹೀರುವುದು ದಪ್ಪವಾದ, ಮೆತ್ತನೆಯ ವಸ್ತು. ನಮ್ಮ ಕುರಿ ಉಣ್ಣೆಯ ಕರಿ ಕಂಬಳಿಯಷ್ಟು ಒಳ್ಳೆಯದು ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ತೆಳು ಫೋಮ್ ಕೂಡ ಅಲ್ಲ.

ಮನೆಯಲ್ಲಿ ಇಷ್ಟೆಲ್ಲ ಮಾಡುವುದು ಅತಿಯಾಯಿತೇನೋ ಅನ್ನಿಸಿದರೆ ಒಂದು ಮಾತು ನೆನಪಿಸಿಕೊಳ್ಳಿ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿದರು. ಅದಕ್ಕೆ ಇಟ್ಟ ಆಕಾಶವಾಣಿ ಎಂಬ ಹೆಸರೇ ಮುಂದೆ ದೇಶದ ರೇಡಿಯೊಗೆಲ್ಲ ಬಂತು. ಮನೆಯ ಕೋಣೆಯಲ್ಲಿ ಮೈಕ್ ಇಟ್ಟು ಕೂರುವುದು ನಮ್ಮಲ್ಲಿ ಹೊಸದಲ್ಲ.

ಸದ್ದಿನ ಮೂಲಗಳನ್ನು ಒಂದೊಂದಾಗಿ ಆರಿಸಿ. ಫ್ಯಾನ್ ನಿಲ್ಲಿಸಿ. ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಇದ್ದರೆ ಆರಿಸಿ, ಅದು ಸಣ್ಣಗೆ ಗೊಣಗುತ್ತಲೇ ಇರುತ್ತದೆ. ಕರೆಂಟು ಹೋದಾಗ ಯುಪಿಎಸ್ ಗುಂಯ್‌ಗುಡುತ್ತಿದ್ದರೆ ಅದಿರುವ ಕೋಣೆಯ ಬಾಗಿಲು ಹಾಕಿ. ಲ್ಯಾಪ್‌ಟಾಪನ್ನು ಮೈಕಿನ ಬೆನ್ನ ಕಡೆ, ಆದಷ್ಟು ದೂರ ಇಡಿ. ಹೊತ್ತು ಆರಿಸಿಕೊಳ್ಳುವುದೂ ಮುಖ್ಯ. ನಿಮ್ಮ ಕಡೆ ಸಂಜೆಯಾದರೆ ಜೀರುಂಡೆ ನಿಲ್ಲಿಸುವುದಿಲ್ಲ, ಮಳೆಗಾಲದಲ್ಲಿ ತಗಡಿನ ಮಾಡು ಇದ್ದರೆ ಮಳೆ ನಿಲ್ಲುವ ತನಕ ಕಾಯಲೇಬೇಕು. ಈ ಎರಡು ಸದ್ದನ್ನು ಆಮೇಲೆ ಸಾಫ್ಟ್‌ವೇರಿನಿಂದ ಚೊಕ್ಕವಾಗಿ ತೆಗೆಯುವುದು ತುಂಬಾ ಕಷ್ಟ.

ಹತ್ತಿರ ಬಂದಾಗ ಬರುವ ಇನ್ನೊಂದು ತೊಂದರೆ ಗಾಳಿ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಒಂದು ಸಲ "ಭೀಮ" ಅನ್ನಿ, "ಫಲ್ಗುಣ" ಅನ್ನಿ, "ಪಾರ್ಥ" ಅನ್ನಿ. ಅಂಗೈಗೆ ಗಾಳಿ ಬಡಿಯಿತು, ಅಲ್ವಾ? ಅದೇ ಗಾಳಿ ಮೈಕಿನೊಳಗಿನ ತೆಳು ಪೊರೆಗೆ ಬಡಿದಾಗ ಡಬ್ ಅಂತ ಸದ್ದಾಗುತ್ತದೆ. ಮಹಾಪ್ರಾಣಗಳನ್ನು ಸ್ಪಷ್ಟವಾಗಿ ಹೇಳುವ ಗಮಕಿಗಳಿಗೆ ಇದು ಬೇರೆಯವರಿಗಿಂತ ಜಾಸ್ತಿ. ಅದಕ್ಕಾಗಿ ಭಕಾರವನ್ನು ಬಕಾರ ಮಾಡಬೇಡಿ, ದಯವಿಟ್ಟು. ಮೈಕನ್ನು ಬಾಯಿಯ ನೇರದಿಂದ ಒಂಚೂರು ಪಕ್ಕಕ್ಕೆ, ತುಟಿಯ ಅಂಚಿನ ಕಡೆಗೆ ಸರಿಸಿ, ಮುಖ ಮಾತ್ರ ನಿಮ್ಮ ಬಾಯಿಯ ಕಡೆಗೇ ತಿರುಗಿರಲಿ. ಗಾಳಿ ನೇರ ಮುಂದಕ್ಕೆ ಹೋಗಿಬಿಡುತ್ತದೆ. ದನಿ ಎಲ್ಲ ಕಡೆ ಹರಡುವುದರಿಂದ ಮೈಕಿಗೆ ಸಿಗುತ್ತದೆ. ಇದು ಸಾಲದಿದ್ದರೆ ನಡುವೆ ಪಾಪ್ ಫಿಲ್ಟರ್ ಇಡಿ. ಕಸೂತಿ ಹಾಕುವ ರಿಂಗಿಗೆ ತೆಳು ನೈಲಾನ್ ಕಾಲುಚೀಲದ ಬಟ್ಟೆ ಬಿಗಿದು, ಮೈಕಿನಿಂದ ನಾಲ್ಕು ಬೆರಳು ಮುಂದೆ ನಿಲ್ಲಿಸಿದರೂ ಅದೇ ಕೆಲಸ ಆಗುತ್ತದೆ.

ಇಷ್ಟಾದ ಮೇಲೆ ಮಟ್ಟ ಹೊಂದಿಸಬೇಕು. ಎಲ್ಲರೂ "ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ" ಅಂತ ಮೆಲ್ಲಗೆ ಹೇಳಿ ಹೊಂದಿಸುತ್ತಾರೆ, ಆಮೇಲೆ ದನಿ ಎತ್ತಿ ಓದುತ್ತಾರೆ. ನೀವು ಹಾಗೆ ಮಾಡಬೇಡಿ. ನಿಮಗೆ ಗೊತ್ತಿರುವ ಹಾಗೆ ಭಾಮಿನಿ ಷಟ್ಪದಿಯಲ್ಲಿ 14 ಮಾತ್ರೆಯ ಎರಡು ಸಾಲು ದಾಟಿ 23 ಮಾತ್ರೆಯ ಮೂರನೇ ಸಾಲಿಗೆ ಬಂದಾಗ ದನಿಗೆ ಜಾಗ ಸಿಗುತ್ತದೆ. ಆರನೇ ಸಾಲಿನಲ್ಲೂ ಹಾಗೆಯೇ. ನೀವು ರಾಗವನ್ನು ಅರಳಿಸುವುದು ಹೆಚ್ಚಾಗಿ ಅಲ್ಲೇ ಇರಬಹುದು. ಯುದ್ಧದ ಸಂದರ್ಭದ ಒಂದು ಪದ್ಯ ತೆಗೆದುಕೊಂಡು, ಆ ಸಾಲನ್ನು ನಿಜವಾಗಿ ಎಷ್ಟು ಎತ್ತರದಲ್ಲಿ ಓದುತ್ತೀರೋ ಅಷ್ಟೇ ಎತ್ತರದಲ್ಲಿ ಓದಿ. ಆಗ ಆಡಾಸಿಟಿಯ ಮೀಟರು ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ತಗುಲಬೇಕು. 0 ಮುಟ್ಟಲೇಬಾರದು. ಮುಟ್ಟಿದರೆ ಅಲೆಯ ನೆತ್ತಿ ಕೊಯ್ದ ಹಾಗೆ ಚಪ್ಪಟೆಯಾಗುತ್ತದೆ, ದನಿ ಒಡೆಯುತ್ತದೆ. ಆ ಕೊಯ್ದ ಭಾಗ ಎಲ್ಲಿಯೂ ದಾಖಲಾಗಿರುವುದಿಲ್ಲ, ಆಮೇಲೆ ತರಲು ಬರುವುದಿಲ್ಲ. ಸ್ವಲ್ಪ ಸಣ್ಣಗೆ ಬಂದದ್ದನ್ನು ಮಾತ್ರ ಆಮೇಲೆ ಎತ್ತಿಕೊಳ್ಳಬಹುದು. ಹಾಗಾಗಿ ಅನುಮಾನ ಬಂದರೆ ತಗ್ಗಿಸಿಯೇ ಇಡಿ.

ಮಟ್ಟ ಬದಲಾಯಿಸುವ ಜಾಗ ಮೂರಿರುತ್ತವೆ. ಮೈಕ್ ದನಿಯನ್ನು ಎಷ್ಟು ದೊಡ್ಡದು ಮಾಡಬೇಕು ಅಂತ ಹೊಂದಿಸುವ, ಮೈಕಿನ ಮೇಲಿನ ಗೇನ್ ಗುಬುಟು, ವಿಂಡೋಸ್‌ನ ಇನ್‌ಪುಟ್ ವಾಲ್ಯೂಮ್, ಆಡಾಸಿಟಿಯ ಸ್ಲೈಡರ್. ಮೂರನ್ನೂ ಒಟ್ಟಿಗೆ ತಿರುಗಿಸುತ್ತಾ ಕೂತರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ. ಮೈಕಿನಲ್ಲಿ ಗುಬುಟು ಇದ್ದರೆ ಅದೊಂದನ್ನೇ ಮುಟ್ಟಿ. ಇಲ್ಲದಿದ್ದರೆ ವಿಂಡೋಸ್‌ನದನ್ನು. ಕೆಲವು ಮೈಕ್‌ಗಳಲ್ಲಿ ಹೆಡ್‌ಫೋನ್ ವಾಲ್ಯೂಮಿಗೂ ಒಂದು ಗುಬುಟು ಇರುತ್ತದೆ. ಅದನ್ನು ತಿರುಗಿಸಿದರೆ ನಿಮ್ಮ ಕಿವಿಗೆ ಕೇಳುವುದು ಬದಲಾಗುತ್ತದೆಯೇ ಹೊರತು ರೆಕಾರ್ಡ್ ಆಗುವುದಲ್ಲ. ಸರಿಯಾದ ಜಾಗ ಸಿಕ್ಕ ಮೇಲೆ ಗೇನ್ ಗುಬುಟಿನ ಪಕ್ಕ ಪೆನ್ನಿನಿಂದ ಒಂದು ಗೆರೆ ಎಳೆದಿಡಿ. ನಾಳೆ ಮೊಮ್ಮಗ ಬಂದು ತಿರುಗಿಸಿದರೂ ವಾಪಸ್ ತರಬಹುದು.

ತಡವಾಗಿ ಕೇಳುವ ದನಿಯದ್ದು ಬೇಗ ಮುಗಿಯುತ್ತದೆ. ನಿಮ್ಮ ಹೆಡ್‌ಫೋನ್ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ ಅನ್ನಿಸುತ್ತದೆ. ದನಿ ಮೈಕಿನಿಂದ ಕಂಪ್ಯೂಟರಿನ ಒಳಗೆ ಹೋಗಿ, ಸಾಫ್ಟ್‌ವೇರ್ ದಾಟಿ, ತಿರುಗಿ ಹೊರಗೆ ಬರುವಷ್ಟರಲ್ಲಿ ಹೊತ್ತಾಗಿರುತ್ತದೆ. ಸ್ವಂತ ದನಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾಗಿ ಕೇಳಿದರೆ ಎಂಥ ಮಾತುಗಾರನಿಗೂ ನಾಲಿಗೆ ತೊಡರುತ್ತದೆ. ಮನುಷ್ಯರೆಲ್ಲರ ಮಿದುಳೂ ಹಾಗೆಯೇ, ನಿಮ್ಮ ವಯಸ್ಸಿಗೂ ಇದಕ್ಕೂ ಸಂಬಂಧ ಇಲ್ಲ. ಮೈಕಿನ ಬುಡದಲ್ಲೋ ಹಿಂದೆಯೋ ಹೆಡ್‌ಫೋನ್ ತೂತು ಇದೆಯೇ ನೋಡಿ. ಇದ್ದರೆ ಅಲ್ಲಿಗೆ ಸಿಕ್ಕಿಸಿ, ದನಿ ಕಂಪ್ಯೂಟರಿಗೆ ಹೋಗದೆ ನೇರ ಕಿವಿಗೆ ಬರುತ್ತದೆ. ಆಮೇಲೂ ಎರಡೆರಡು ದನಿ ಕೇಳಿದರೆ ವಿಂಡೋಸ್‌ನ ಹಳೇ ಕಂಟ್ರೋಲ್ ಪ್ಯಾನೆಲ್ ತೆಗೆದು, ಮೈಕಿನ ಪ್ರಾಪರ್ಟೀಸ್‌ನಲ್ಲಿ ಲಿಸನ್ ಎಂಬ ಪುಟಕ್ಕೆ ಹೋಗಿ, ಅಲ್ಲಿನ ಟಿಕ್ ತೆಗೆಯಿರಿ. ಆಡಾಸಿಟಿಯಲ್ಲೂ ರೆಕಾರ್ಡ್ ಮಾಡುವಾಗಲೇ ಕೇಳಿಸುವ ಆಯ್ಕೆ ಇದೆ, ಹಳೆಯ ಆವೃತ್ತಿಗಳಲ್ಲಿ ಅದರ ಹೆಸರು ಸಾಫ್ಟ್‌ವೇರ್ ಪ್ಲೇಥ್ರೂ. ಅದೂ ಬಂದ್ ಇರಲಿ. ಮೈಕಿನಲ್ಲಿ ಹೆಡ್‌ಫೋನ್ ತೂತೇ ಇಲ್ಲದಿದ್ದರೆ ಹೆಡ್‌ಫೋನ್ ಇಲ್ಲದೇ ಓದಿ, ಆಮೇಲೆ ಹಾಕಿಕೊಂಡು ಕೇಳಿ. ಬ್ಲೂಟೂತ್ ಹೆಡ್‌ಫೋನ್ ಈ ಕೆಲಸಕ್ಕೆ ಬೇಡವೇ ಬೇಡ.

ಚಾರ್ಜರಿನ ಗುಂಯ್ ಸದ್ದಿಗೆ ಸುಲಭದ ಉತ್ತರ, ಬ್ಯಾಟರಿಯ ಮೇಲೆ ರೆಕಾರ್ಡ್ ಮಾಡಿ. ಪೂರ್ತಿ ಚಾರ್ಜ್ ಮಾಡಿಕೊಂಡು, ಪಿನ್ ಕಿತ್ತು, ಆಮೇಲೆ ಕೂರಿ. ಆದರೆ ಈ ಸದ್ದು ಇನ್ನೊಂದು ವಿಷಯವನ್ನೂ ಹೇಳುತ್ತಿರಬಹುದು. ನಮ್ಮಲ್ಲಿ ಕರೆಂಟು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಚಾರ್ಜರಿಗೆ ಸರಿಯಾದ ಅರ್ಥಿಂಗ್ ಸಿಗದಿದ್ದರೆ ಅದರ ಕಲಕು ಯುಎಸ್‌ಬಿ ತಂತಿಯ ಮೂಲಕ ಮೈಕಿನ ತನಕ ಬರಬಹುದು. ಚಾರ್ಜರ್ ಹಾಕಿದಾಗ ಲ್ಯಾಪ್‌ಟಾಪಿನ ಲೋಹದ ಭಾಗ ಮುಟ್ಟಿದರೆ ಜುಮ್ ಅನ್ನುತ್ತದೆಯೇ? ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಅಡಾಪ್ಟರಿಗೆ ಹಾಕಿದ್ದರೆ ಮೊದಲು ಅದನ್ನು ತೆಗೆದು ನೇರ ಮೂರು ಪಿನ್ನಿನ ಸಾಕೆಟ್ಟಿಗೆ ಹಾಕಿ. ಆಮೇಲೂ ಜುಮ್ ಅಂದರೆ ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥಿಂಗ್ ತೋರಿಸಿ. ಮೈಕಿಗಾಗಿ ಅಲ್ಲ, ನಿಮ್ಮ ಸುರಕ್ಷತೆಗಾಗಿ.

ಸ್ವರ ಮಾಯವಾಗುವುದು ನನಗೆ ಎಲ್ಲಕ್ಕಿಂತ ಬೇಸರ ತರಿಸುವ ತೊಂದರೆ. ಲ್ಯಾಪ್‌ಟಾಪ್‌ಗಳಲ್ಲಿ ಮೀಟಿಂಗಿಗಾಗಿ ಗದ್ದಲ ತಗ್ಗಿಸುವ ವ್ಯವಸ್ಥೆಯನ್ನು ಮೊದಲೇ ಹಾಕಿರುತ್ತಾರೆ. ಮಾತು ಏರಿಳಿಯುತ್ತದೆ, ಫ್ಯಾನಿನ ಸದ್ದು ಒಂದೇ ಸಮ ಇರುತ್ತದೆ. ಒಂದೇ ಸಮ ಇರುವುದನ್ನು ಅದು ಗದ್ದಲ ಅಂತ ತಿಳಿದು ಅಳಿಸುತ್ತದೆ. ನೀವು ಷಡ್ಜ ಹಿಡಿದು ನಿಂತಾಗ ಅದಕ್ಕೆ ಫ್ಯಾನ್ ಓಡಿದ ಹಾಗೆ ಕೇಳುತ್ತದೆ. ಎಷ್ಟು ಶ್ರುತಿಬದ್ಧವಾಗಿ ಹಿಡಿದಿರೋ ಅಷ್ಟು ಬೇಗ ನುಂಗುತ್ತದೆ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಮೈಕಿನ ಹೆಸರು ಒತ್ತಿದರೆ ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್ ಎಂಬ ಜಾಗ ಸಿಗುತ್ತದೆ, ಅಲ್ಲಿ ಆಫ್ ಆರಿಸಿ. ಲ್ಯಾಪ್‌ಟಾಪ್ ಕಂಪನಿಯದೇ ಬೇರೆ ಆಡಿಯೊ ಆ್ಯಪ್ ಇದ್ದರೆ ಅದರಲ್ಲೂ ನಾಯ್ಸ್ ಎಂಬ ಹೆಸರಿನದ್ದೆಲ್ಲ ಆಫ್ ಮಾಡಿ. ಮೈಕಿನ ಮೇಲೆಯೇ ಅಂಥ ಬಟನ್ ಇದ್ದರೆ ಅದೂ. ಮುಂದೆ ಯಾವತ್ತಾದರೂ ಜೂಮ್‌ನಲ್ಲಿ ವಾಚನ ಮಾಡುವುದಿದ್ದರೆ ಅಲ್ಲಿ ಸಂಗೀತಗಾರರಿಗಾಗಿ ಒರಿಜಿನಲ್ ಸೌಂಡ್ ಎಂಬ ಆಯ್ಕೆ ಇದೆ, ಅದನ್ನು ಆನ್ ಮಾಡಿಕೊಳ್ಳಿ.

ರೆಕಾರ್ಡ್ ಮಾಡುವ ಹೊತ್ತಿನಲ್ಲಿ ನಾನು ಪಾಲಿಸುವ ಎರಡು ಮೂರು ಅಭ್ಯಾಸ ಹೇಳುತ್ತೇನೆ. ರೆಕಾರ್ಡ್ ಒತ್ತಿದ ಮೇಲೆ ಹತ್ತು ಸೆಕೆಂಡ್ ಉಸಿರೂ ಕೇಳದ ಹಾಗೆ ಸುಮ್ನೆ ಕೂರಿ. ಕೋಣೆಯ ಆ ಖಾಲಿ ಸದ್ದು ಆಮೇಲೆ ಕೆಲಸಕ್ಕೆ ಬರುತ್ತದೆ. ಓದುವಾಗ ತಪ್ಪಿದರೆ ನಿಲ್ಲಿಸಬೇಡಿ. ಒಂದು ಚಪ್ಪಾಳೆ ತಟ್ಟಿ, ಎರಡು ಕ್ಷಣ ಬಿಟ್ಟು, ಆ ಪದ್ಯವನ್ನು ಮೊದಲಿನಿಂದ ಓದಿ. ಚಪ್ಪಾಳೆ ಪರದೆಯ ಮೇಲೆ ಈಟಿಯ ಹಾಗೆ ಎದ್ದು ಕಾಣುತ್ತದೆ. ಒಂದು ಗಂಟೆಯ ರೆಕಾರ್ಡಿಂಗಿನಲ್ಲಿ ತಪ್ಪು ಎಲ್ಲಿದೆ ಅಂತ ಕಣ್ಣಲ್ಲೇ ಹುಡುಕಬಹುದು. ಪದ್ಯದ ಮೊದಲಿನಿಂದ ಯಾಕೆ ಅಂದರೆ, ಸಾಲಿನ ನಡುವೆ ಕತ್ತರಿಸಿ ಜೋಡಿಸಿದರೆ ಉಸಿರೂ ಶ್ರುತಿಯೂ ಕೂಡುವುದಿಲ್ಲ, ಕೇಳುವವರಿಗೆ ಅದು ಗೊತ್ತಾಗಿಬಿಡುತ್ತದೆ. ಪುಟ ತಿರುಗಿಸುವ ಸದ್ದನ್ನೂ ಮೈಕ್ ಬಿಡುವುದಿಲ್ಲ. ಓದು ನಿಲ್ಲಿಸಿ, ಪುಟ ತಿರುಗಿಸಿ, ಮತ್ತೆ ಶುರು ಮಾಡಿ.

ಗುಣಮಟ್ಟದ ಅಂಕಿಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 48,000 ಹರ್ಟ್ಸ್, ಮೈಕ್ ಕೊಟ್ಟರೆ 24 ಬಿಟ್, ಇಲ್ಲದಿದ್ದರೆ 16 ಬಿಟ್. ಮಾತಿಗೂ ವಾಚನಕ್ಕೂ ಧಾರಾಳ ಸಾಕು. 96,000 ಅಂತ ಡಬ್ಬಿಯ ಮೇಲೆ ಬರೆದಿದ್ದರೆ ಅದರಿಂದ ನಿಮಗೆ ಕೇಳುವ ಲಾಭ ಏನೂ ಇಲ್ಲ. ಇಡಲು ಒಂದು ಪ್ರತಿ ವೇವ್ ಫೈಲ್ ಆಗಿ ತೆಗೆಯಿರಿ. ಮೊನೊ, 16 ಬಿಟ್ ಆದರೆ ನಿಮಿಷಕ್ಕೆ ಸುಮಾರು 5.8 ಎಂಬಿ, ಗಂಟೆಗೆ 345 ಎಂಬಿಯಷ್ಟು ಆಗುತ್ತದೆ. ಮೊಮ್ಮಕ್ಕಳಿಗೆ ಕಳಿಸಲು 128 ಕೆಬಿಪಿಎಸ್‌ನ ಎಂಪಿ3 ಸಾಕು, ಗಂಟೆಗೆ 58 ಎಂಬಿ. ಒಂದು ಎಚ್ಚರ. ಆಡಾಸಿಟಿಯಲ್ಲಿ ಸೇವ್ ಒತ್ತಿದರೆ ಸಿಗುವುದು ಅದರದೇ ಪ್ರಾಜೆಕ್ಟ್ ಫೈಲ್. ಅದನ್ನು ಫೋನಿಗೆ ಕಳಿಸಿದರೆ ತೆರೆಯುವುದಿಲ್ಲ. ಕೇಳುವ ಫೈಲ್ ಬೇಕಾದರೆ ಎಕ್ಸ್‌ಪೋರ್ಟ್ ಮಾಡಬೇಕು.

ಆಮೇಲಿನ ತಿದ್ದುಪಡಿ ಆದಷ್ಟು ಕಮ್ಮಿ ಇರಲಿ. ಮೊದಲಿನ ಹತ್ತು ಸೆಕೆಂಡಿನ ಖಾಲಿ ಸದ್ದನ್ನು ಆರಿಸಿ, ನಾಯ್ಸ್ ರಿಡಕ್ಷನ್‌ಗೆ ಮಾದರಿಯಾಗಿ ಕೊಟ್ಟು, ಪೂರ್ತಿ ರೆಕಾರ್ಡಿಂಗನ್ನು ಆರಿಸಿ, 6 ಡೆಸಿಬೆಲ್‌ನಷ್ಟು ಮಾತ್ರ ತಗ್ಗಿಸಿ. 12ಕ್ಕಿಂತ ಮೇಲೆ ಹೋದರೆ ನೀರೊಳಗಿಂದ ಓದಿದ ಹಾಗೆ ಆಗುತ್ತದೆ. ಕೊನೆಗೆ ಒಟ್ಟು ದನಿಯ ಮಟ್ಟ ಹೊಂದಿಸುವ ಲೌಡ್‌ನೆಸ್ ನಾರ್ಮಲೈಸೇಶನ್ ಎಂಬಲ್ಲಿ ಮೈನಸ್ 19 ಕೊಡಿ, ಒಬ್ಬರೇ ಮಾತಾಡುವ ಮೊನೊ ಪಾಡ್‌ಕಾಸ್ಟ್‌ಗಳಿಗೆ ರೂಢಿಯಲ್ಲಿರುವ ಅಳತೆ ಅದು. ಕಂಪ್ರೆಸರ್ ಎಂಬುದನ್ನು ಕಥೆಗಳಿಗೆ ಬೇಕಾದರೆ ಹಿತವಾಗಿ ಹಾಕಿ. ವಾಚನಕ್ಕೆ ನಾನು ಹಾಕುವುದಿಲ್ಲ. ಅದು ಮೆಲ್ಲಗಿನದನ್ನೂ ಜೋರಿನದನ್ನೂ ಸಮ ಮಾಡುತ್ತದೆ. ದ್ರೌಪದಿಯ ಅಳುವಿಗೂ ಭೀಮನ ಕೂಗಿಗೂ ನೀವು ಅಂತರ ಇಟ್ಟು ಓದಿರುತ್ತೀರಿ. ಅದು ಹಾಗೇ ಇರಲಿ.

ದುಡ್ಡು ಖರ್ಚು ಮಾಡಲೇಬೇಕು ಅನ್ನಿಸಿದರೆ ಮೇಜಿಗೆ ಕಚ್ಚಿಸಿ ಮೈಕನ್ನು ನೇತು ಹಾಕುವ ತೋಳಿಗೆ ಮಾಡಿ. ಪುಸ್ತಕದ ರಾಶಿ ತಪ್ಪುತ್ತದೆ, ಗ್ರಂಥ ಇಡಲು ಮುಂದೆ ಜಾಗ ಸಿಗುತ್ತದೆ.

ಇವತ್ತು ಹೊಸದೇನೂ ತರಬೇಡಿ. ಉಗುರಿನ ಪರೀಕ್ಷೆ ಮಾಡಿ, ಎನ್‌ಹ್ಯಾನ್ಸ್‌ಮೆಂಟ್ಸ್ ಆಫ್ ಮಾಡಿ, ಚಾರ್ಜರ್ ಕಿತ್ತಿಡಿ. ಒಂದೇ ಪದ್ಯವನ್ನು ಎರಡು ಸಲ ಓದಿ, ಒಮ್ಮೆ ಈಗ ಕೂರುವ ಜಾಗದಲ್ಲಿ, ಇನ್ನೊಮ್ಮೆ ಗೇಣು ದೂರದಲ್ಲಿ, ಬೆನ್ನ ಹಿಂದೆ ಕಂಬಳಿ ಹಾಕಿಕೊಂಡು. ಎರಡನೇ ಸಲ ಓದುವ ಮುಂಚೆ ಗೇನ್ ಗುಬುಟನ್ನು ಅರ್ಧಕ್ಕಿಂತ ಕೆಳಗೆ ಇಳಿಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಹತ್ತಿರ ಬಂದ ದನಿ 0 ದಾಟಿ ಒಡೆಯುತ್ತದೆ. ಎರಡನ್ನೂ ಹೆಡ್‌ಫೋನಿನಲ್ಲಿ ಕೇಳಿ. ಆಮೇಲೂ ಬಾವಿಯ ಸದ್ದು ಉಳಿದಿದ್ದರೆ ಆ ಎರಡೂ ತುಣುಕುಗಳನ್ನು ವೇವ್ ಫೈಲ್ ಆಗಿಯೇ ಕಳಿಸಿ, ಎಂಪಿ3 ಮಾಡಬೇಡಿ. ಕೋಣೆಯ ಒಂದು ಫೋಟೊ ಜೊತೆಗಿರಲಿ, ಮೈಕ್ ಮತ್ತು ನೀವು ಕೂರುವ ಕುರ್ಚಿ ಎರಡೂ ಕಾಣುವ ಹಾಗೆ.